ನಗರದ ಮೆಣಸು, ಮಸ್ಕತ್ತಿನ ಕೋಠಿ ಮತ್ತು ನಮ್ಮ ಪಾಲು

ಸಾಗರದಿಂದ ಐದಾರು ಕಿಲೋಮೀಟರ್ ದೂರದ ಇಕ್ಕೇರಿ ಈಗೊಂದು ಸಣ್ಣ ಹಳ್ಳಿ. ಅಘೋರೇಶ್ವರ ದೇವಾಲಯ ನೋಡಲು ಬಂದವರು ಒಂದು ಗಳಿಗೆ ಇದ್ದು ಜೋಗದ ಕಡೆ ಹೊರಟುಬಿಡುತ್ತಾರೆ. ನಾನೂರು ವರ್ಷಗಳ ಹಿಂದೆ ಅದು ರಾಜಧಾನಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವೆಯ ಪೋರ್ಚುಗೀಸರ ರಾಯಭಾರಿಯೊಂದಿಗೆ ಘಟ್ಟ ಹತ್ತಿ ಇಲ್ಲಿಗೆ ಬಂದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಾಡಿಸಿ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುವುದನ್ನು ಕಂಡು ಅದನ್ನು ವಿವರವಾಗಿ ಬರೆದಿಟ್ಟ. ಮಕ್ಕಳ ಲೆಕ್ಕ ಹಾಗಿರಲಿ, ರಾಯಭಾರಿ ಬಂದದ್ದು ದೊಡ್ಡವರ ಲೆಕ್ಕಕ್ಕೆ. ವೆಂಕಟಪ್ಪ ನಾಯಕರ ರಾಜ್ಯದ ಮೆಣಸು ಪೋರ್ಚುಗೀಸರಿಗೆ ಬೇಕಿತ್ತು.

ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಕಾಡುಕಣಿವೆಗಳಲ್ಲಿ ಬೆಳೆದ ಮೆಣಸು, ಅಡಿಕೆ, ಏಲಕ್ಕಿ, ಗಂಧ ಎತ್ತುಗಳ ಬೆನ್ನೇರಿ ಘಟ್ಟ ಇಳಿಯುತ್ತಿದ್ದವು. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳಲ್ಲಿ ಅವನ್ನು ಕೊಳ್ಳಲು ಅರಬರು, ನವಾಯತರು, ಕೊಂಕಣಿ ಸೆಟ್ಟರು, ಪೋರ್ಚುಗೀಸರು ಕಾದಿರುತ್ತಿದ್ದರು. 1639ರ ಸುಮಾರಿಗೆ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲೂಕಿನ ನಗರಕ್ಕೆ ಹೋಯಿತು. ತೀರ್ಥಹಳ್ಳಿ ಕಡೆಯ ಕವಲೇದುರ್ಗ ಈ ಅರಸರಿಗೆ ಬೆನ್ನಿಗಿದ್ದ ಕೋಟೆ. ಶಿವಪ್ಪ ನಾಯಕರು 1650ರ ದಶಕದಲ್ಲಿ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡರು. ಆ ಶತಮಾನದ ಉತ್ತರಾರ್ಧದಲ್ಲಿ ಬಸರೂರಿನಲ್ಲಿ ಡಚ್ಚರೂ ಅಕ್ಕಿ, ಮೆಣಸುಗಳ ವ್ಯಾಪಾರ ಹೂಡಿದರು.

ಮಲೆನಾಡು ಎಂದರೆ ಹೊರಜಗತ್ತಿನ ಗೊಡವೆಯಿಲ್ಲದ ಮಳೆಯ ಸೀಮೆ ಎಂದು ಬರೆಯುವುದು ನಮ್ಮಂಥ ಕತೆಗಾರರ ಚಟ. ಇತಿಹಾಸ ಹಾಗೆ ಹೇಳುವುದಿಲ್ಲ. ಇಲ್ಲಿಯ ರೈತನ ಮನೆಯ ಒಲೆ ಲಿಸ್ಬನ್ನಿನ ದರಕ್ಕೆ, ಆಮ್‌ಸ್ಟರ್‌ಡ್ಯಾಮಿನ ದರಕ್ಕೆ, ಮಸ್ಕತ್ತಿನ ದರಕ್ಕೆ ಆಗಲೇ ಕಟ್ಟಿಹಾಕಲ್ಪಟ್ಟಿತ್ತು. ಆದರೆ ಅವನು ಆ ಜಗತ್ತಿಗೆ ಸರಕು ಮಾರುವವನು ಮಾತ್ರ. ಆ ಜಗತ್ತಿನ ವ್ಯಾಪಾರದಲ್ಲಿ ಅವನಿಗೆ ಪಾಲಿರಲಿಲ್ಲ.

ಪಾಲು ಯಾರಿಗಿತ್ತು? ಡಚ್ ಈಸ್ಟ್ ಇಂಡಿಯಾ ಕಂಪನಿ 1602ರಲ್ಲಿ ಹುಟ್ಟಿದಾಗ ಅದರ ಬಂಡವಾಳಕ್ಕೆ ದೇಶದ ಯಾವ ನಿವಾಸಿಯೂ ಹಣ ಹಾಕಬಹುದು ಎಂದು ಸಾರಲಾಯಿತು. ಆಮ್‌ಸ್ಟರ್‌ಡ್ಯಾಮ್ ಶಾಖೆಯೊಂದರಲ್ಲೇ 1,143 ಮಂದಿ ಹೆಸರು ಬರೆಸಿದರು. ಹೆಸರು ಬರೆದುಕೊಳ್ಳುತ್ತಿದ್ದ ಪುಸ್ತಕವನ್ನು ಡಿರ್ಕ್ ಫಾನ್ ಓಸ್ ಎಂಬ ವರ್ತಕನ ಮನೆಯಲ್ಲಿ ಇಟ್ಟಿದ್ದರು. ಕೊನೆಯ ದಿನ ಆ ಮನೆಯ ಕೆಲಸದ ಹೆಂಗಸು ನೀಲ್ಟ್‌ಗೆನ್ ಕಾರ್ನೆಲಿಸ್ ಕೂಡ 100 ಗಿಲ್ಡರ್ ಬರೆಸಿದಳು. ಮೆಣಸು, ಜಾಯಿಕಾಯಿ, ಲವಂಗಗಳು ಬೆಳೆಯುವ ಊರನ್ನು ಅವಳು ಕಂಡವಳಲ್ಲ. ಆದರೂ ಆ ವ್ಯಾಪಾರದಲ್ಲಿ ಅವಳ ಹೆಸರಿನ ಒಂದು ಚೂರು ಇತ್ತು. ಬಿದನೂರಿನ ಬೆಳೆಗಾರನಿಗೆ ಬೆಳೆ ಇತ್ತು, ಚೂರು ಇರಲಿಲ್ಲ. ಇದೇ ಕಂಪನಿ 1621ರಲ್ಲಿ ಜಾಯಿಕಾಯಿಗಾಗಿ ಬಾಂದಾ ದ್ವೀಪಗಳ ಜನರನ್ನು ಕೊಂದು, ಓಡಿಸಿ ಬರಿದು ಮಾಡಿತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಪಾಲು ತೆಗೆದುಕೊಂಡವರಿಗೆ ಆ ರಕ್ತದಲ್ಲೂ ಪಾಲು ಬಂತು. ಈ ಮಾತಿಗೆ ಮುಂದೆ ಮತ್ತೆ ಬರಲೇಬೇಕಾಗುತ್ತದೆ.

ಪಾಲಿನ ವ್ಯಾಪಾರ ಯುರೋಪಿನವರು ಕಂಡುಹಿಡಿದದ್ದಲ್ಲ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಪ್ರವಾದಿತ್ವಕ್ಕೆ ಮೊದಲು ಹಝ್ರತ್ ಖದೀಜಾ(ರ)ರ ಬಂಡವಾಳ ತೆಗೆದುಕೊಂಡು ಶಾಮ್ ದೇಶಕ್ಕೆ ವ್ಯಾಪಾರಕ್ಕೆ ಹೋದದ್ದು ಮದ್ರಸದ ಮಕ್ಕಳಿಗೂ ಗೊತ್ತು. ಹಣ ಒಬ್ಬರದು, ದುಡಿಮೆ ಇನ್ನೊಬ್ಬರದು. ಫಿಕ್ಹ್ ಗ್ರಂಥಗಳು ಇದನ್ನು ಮುದಾರಬಾ ಅಥವಾ ಕಿರಾದ್ ಎಂದು ಕರೆಯುತ್ತವೆ. ಅದರಲ್ಲಿ ಹನಫಿ, ಶಾಫಿಈ ಎಂಬ ಭೇದವಿಲ್ಲದೆ ಎಲ್ಲರೂ ಒಪ್ಪಿದ ಒಂದು ಷರತ್ತಿದೆ. ಲಾಭ ಬಂದರೆ ಅರ್ಧ ನಿನಗೆ ಅರ್ಧ ನನಗೆ, ಇಲ್ಲವೇ ಮೂರರಲ್ಲೊಂದು ನಿನಗೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಆದರೆ 'ನಿನ್ನ ನೂರಕ್ಕೆ ವರ್ಷಕ್ಕೆ ಇಷ್ಟು ರೂಪಾಯಿ ಕೊಟ್ಟೇ ಕೊಡುತ್ತೇನೆ' ಎಂದು ಹೇಳುವಂತಿಲ್ಲ. ಹೇಳಿದ ಕ್ಷಣಕ್ಕೆ ಅದು ಪಾಲಲ್ಲ, ಬಡ್ಡಿ. ಹಣ ಹಾಕಿದವನು ನಷ್ಟಕ್ಕೂ ಸಿದ್ಧನಿರಬೇಕು. ವ್ಯಾಪಾರಿಯ ತಪ್ಪಿಲ್ಲದೆ ಹಡಗು ಮುಳುಗಿದರೆ ಹಣವೂ ಮುಳುಗಿತು.

ಈ ಒಂದು ಷರತ್ತನ್ನು ನೆನಪಿನಲ್ಲಿಟ್ಟುಕೊಂಡು ನಗರದ ಕತೆಗೆ ಹಿಂತಿರುಗೋಣ. 1763ರಲ್ಲಿ ಹೈದರ್ ಅಲಿಯವರು ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟರು. ಮಲೆನಾಡಿನ ಮೆಣಸು, ಗಂಧ ಈಗ ಮೈಸೂರಿನದಾಯಿತು. 1782ರ ಕೊನೆಗೆ ಪಟ್ಟಕ್ಕೆ ಬಂದ ಟಿಪ್ಪು ಸುಲ್ತಾನರಿಗೆ ಕರಾವಳಿಯಲ್ಲಿ ಕುಳಿತು ದರ ಹೇಳುವ ಇಂಗ್ಲಿಷರ ಮೇಲೆ ಸಿಟ್ಟಿತ್ತು. ನಮ್ಮ ಸರಕನ್ನು ನಾವೇ ಹಡಗಿನಲ್ಲಿ ಒಯ್ದು ಮಾರೋಣ ಎಂದು ಮಸ್ಕತ್ತಿನಲ್ಲಿ ಸರ್ಕಾರಿ ಕೋಠಿ ತೆರೆದರು. ಮೆಣಸು, ಏಲಕ್ಕಿ, ಗಂಧ, ಅಕ್ಕಿ ಅಲ್ಲಿಗೆ ಹೋಗಬೇಕು. ಅಲ್ಲಿಂದ ಬೇಕಾದ ಸರಕು ಬರಬೇಕು. ಆ ಕೋಠಿಯ ದರೋಗ ಮೀರ್ ಕಾಝಿಮ್‌ಗೆ ಸುಲ್ತಾನರು ಬರೆದ ಪತ್ರಗಳು ವಿಲಿಯಂ ಕಿರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಸಂಗ್ರಹದಲ್ಲಿವೆ. ದರ ಏರುವವರೆಗೆ ಕಾದು ಮಾರು, ರೇಷ್ಮೆಹುಳು ಕಳಿಸು ಎಂಬ ಧಾಟಿಯ ಆದೇಶಗಳನ್ನು ಓದುವಾಗ ಯುದ್ಧಭೂಮಿಯ ಹುಲಿಗಿಂತ ಮಂಡಿಯ ಸಾಹುಕಾರರೊಬ್ಬರು ಕಣ್ಣಿಗೆ ಕಟ್ಟುತ್ತಾರೆ.

1792ರ ಸೋಲಿನಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಆಮೇಲೆ 1793–94ರಲ್ಲಿ ಬಂದ ವ್ಯಾಪಾರ ನಿಯಮಾವಳಿ ನಮ್ಮ ಈ ಲೇಖನದ ತಿರುಳು. ಮಲಿಕ್-ಉತ್-ತುಜ್ಜಾರ್ ಎಂಬ ವ್ಯಾಪಾರ ಇಲಾಖೆಯ ಕೈಕೆಳಗೆ ದೇಶದೊಳಗೂ ಹೊರಗೂ ಕೋಠಿಗಳು. ಅದರ ಬಂಡವಾಳಕ್ಕೆ ಪ್ರಜೆಗಳೂ ಹಣ ಹಾಕಬಹುದು. 5ರಿಂದ 500 ಇಮಾಮಿಯವರೆಗೆ ಹಾಕಿದವರಿಗೆ ವರ್ಷದ ಕೊನೆಗೆ ಶೇಕಡಾ 50 ಲಾಭ. 500ರಿಂದ 5,000ದವರೆಗೆ ಶೇಕಡಾ 25. ಅದಕ್ಕೂ ಮೇಲ್ಪಟ್ಟು ಹಾಕುವ ಶ್ರೀಮಂತರಿಗೆ ಶೇಕಡಾ 12. ಇಮಾಮಿ ಎಂದರೆ ಸುಲ್ತಾನರ ಬೆಳ್ಳಿ ರೂಪಾಯಿ.

ಬಡವನಿಗೆ ಹೆಚ್ಚು, ಸಿರಿವಂತನಿಗೆ ಕಡಿಮೆ! 18ನೇ ಶತಮಾನದಲ್ಲಿ ಇಂಥ ಯೋಚನೆ ಮಾಡಿದ ಅರಸ ಇನ್ನೊಬ್ಬರು ಸಿಗುವುದು ಕಷ್ಟ. ಐದು ರೂಪಾಯಿ ಇಟ್ಟುಕೊಂಡವನೂ ಮಸ್ಕತ್ತಿನ ವ್ಯಾಪಾರದಲ್ಲಿ ಹಣ ತೊಡಗಿಸಬಹುದು ಎಂಬ ಕಲ್ಪನೆಗೆ ನಾವು ತಲೆಬಾಗುತ್ತೇವೆ. ಟಿಪ್ಪುವನ್ನು ಬರೀ ಖಡ್ಗದಿಂದ ಅಳೆಯುವವರೂ ಬರೀ ಖಡ್ಗದಿಂದ ಹೊಗಳುವವರೂ ಈ ಪುಟವನ್ನು ತೆರೆದು ನೋಡಿದ್ದು ಕಡಿಮೆ. ಆದರೆ ತಲೆಬಾಗಿದ ಮೇಲೆ ತಲೆಯೆತ್ತಿ ಲೆಕ್ಕವನ್ನೂ ನೋಡಬೇಕು. ಶೇಕಡಾ 50 ಎಂದು ಮೊದಲೇ ಗೊತ್ತುಮಾಡಿದ ಲಾಭ ಫಿಕ್ಹ್ ಹೇಳುವ ಪಾಲಲ್ಲ. ಹಡಗು ಮುಳುಗಿದರೂ, ಮೆಣಸಿನ ದರ ಬಿದ್ದರೂ ಖಜಾನೆ ಕೊಡಬೇಕಾದ ವಾಗ್ದಾನ ಅದು. 100 ರೂಪಾಯಿ ಹೀಗೆ ವರ್ಷಕ್ಕೆ ಅರ್ಧದಷ್ಟು ಬೆಳೆಯುತ್ತ ಹೋದರೆ ಹತ್ತು ವರ್ಷಕ್ಕೆ 5,766 ಆಗಬೇಕು. ಯಾವ ದೇಶದ ಯಾವ ವ್ಯಾಪಾರವೂ ಎಲ್ಲರಿಗೂ ಅಷ್ಟು ಕೊಡಲಾರದು. ಐದು ವರ್ಷಗಳಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷದ ಕೊನೆಗೆ ಡಚ್ ಕಂಪನಿಯ ಸನ್ನದಿನ ಅವಧಿಯೂ ಮುಗಿದು ಅದರ ಬಾಳು ಕೊನೆಗೊಂಡಿತು. ಮೆಣಸನ್ನು ನಂಬಿದ ಎರಡು ಅಂಗಡಿಗಳು ಒಂದೇ ವರ್ಷ ಮುಚ್ಚಿದವು.

ಶೇಕಡಾ 50ರ ಮಾತು ಹಳೆಯದಾಯಿತು ಎನ್ನುವಂತಿಲ್ಲ. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಎಂಎ ಸಂಸ್ಥೆ ಹಣ ಹಾಕಿದವರನ್ನು 'ಪಾಲುದಾರರು' ಎಂದೇ ಕರೆಯಿತು. ಬಡ್ಡಿಯಿಲ್ಲದ ಹಲಾಲ್ ವ್ಯಾಪಾರ ಎಂದಿತು. ಆದರೆ ತಿಂಗಳು ತಿಂಗಳು ನೂರಕ್ಕೆ ಎರಡೂವರೆ, ಮೂರು ರೂಪಾಯಿ ಬರುತ್ತದೆ ಎಂಬ ಆಸೆ ತೋರಿಸಿತು. ಮೂರರಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 36. ಬ್ಯಾಂಕಿನ ಬಡ್ಡಿ ಮುಟ್ಟದ ಮನೆಗಳ ಹೆಣ್ಣುಮಕ್ಕಳ ಒಡವೆ, ನಿವೃತ್ತ ಮೇಷ್ಟ್ರುಗಳ ಗ್ರಾಚ್ಯುಟಿ, ಹಜ್‌ಗೆ ಕೂಡಿಟ್ಟ ಹಣ ಎಲ್ಲ ಅದರೊಳಗೆ ಹೋದವು. 2019ರ ಜೂನ್‌ನಲ್ಲಿ ಅದರ ಮಾಲೀಕ ಮನ್ಸೂರ್ ಖಾನ್ ದುಬೈಗೆ ಹಾರಿದಾಗ ಶಿವಾಜಿನಗರದಲ್ಲಿ ಜನ ಬೀದಿಯಲ್ಲಿ ನಿಂತು ಅತ್ತರು. ಜುಲೈನಲ್ಲಿ ದೆಹಲಿಯಲ್ಲಿ ಬಂಧನವಾಯಿತು, ಸಿಬಿಐ ತನಿಖೆ ನಡೆಯಿತು. ಉಲೆಮಾಗಳ ಹೆಸರು, ದಾನಧರ್ಮದ ಫೋಟೋ, ಶಾಲೆಗೆ ಕೊಟ್ಟ ನೆರವು ಇವನ್ನೆಲ್ಲ ನೋಡಿದ ನಮ್ಮ ಜನ ಒಂದನ್ನು ಮಾತ್ರ ನೋಡಲಿಲ್ಲ: ಹಳೆಯ ಕಿತಾಬಿನ ಆ ಒಂದು ಷರತ್ತು. ಮೊದಲೇ ಹೇಳಿದ ಲಾಭ ಪಾಲಲ್ಲ.

ಇದು ಮುಸ್ಲಿಮರ ಒಂದು ಮಂದಿಯ ದೌರ್ಬಲ್ಯ ಎಂದು ಯಾರೂ ಭಾವಿಸಬೇಕಾಗಿಲ್ಲ. 1964ರಲ್ಲಿ ಕೇಂದ್ರ ಸರ್ಕಾರದ ಆಶ್ರಯದಲ್ಲಿ ಶುರುವಾದ ಯುಟಿಐ ಸಂಸ್ಥೆಯ 'ಯೂನಿಟ್ 64' ಯೋಜನೆಯಲ್ಲಿ ಎಲ್ಲ ಜಾತಿಮತದ ಮಧ್ಯಮ ವರ್ಗದವರ ದುಡ್ಡಿತ್ತು. ಬುಟ್ಟಿಯಲ್ಲಿದ್ದ ಷೇರುಗಳ ನಿಜವಾದ ಬೆಲೆ ಎಷ್ಟೇ ಇರಲಿ, ಸಂಸ್ಥೆ ತಾನೇ ಒಂದು ದರ ಸಾರುತ್ತಿತ್ತು. 2001ರ ಜುಲೈನಲ್ಲಿ ಆ ದರಕ್ಕೂ ಬುಟ್ಟಿಗೂ ತಾಳೆಯಾಗದೆ ಯೂನಿಟ್ ವಾಪಸ್ ಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು.

ಮಲೆನಾಡಿನ ಜನ ಇದರಿಂದೆಲ್ಲ ಕಲಿತ ಪಾಠ ಬೇರೆ: ನೆಲವೇ ಗಟ್ಟಿ, ನೆಲ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಮಾತನ್ನು ಶರಾವತಿ ಕಣಿವೆಯವರ ಮುಂದೆ ಹೇಳುವಾಗ ಸ್ವಲ್ಪ ನಾಚಬೇಕು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಸಾಗರ, ಹೊಸನಗರ ತಾಲೂಕುಗಳ ಗದ್ದೆ, ತೋಟ, ಮನೆ, ಮಸಣ ಸಹಿತ ಊರೂರೇ ನೀರಿಗೆ ಹೋದವು. ನೆಲ ಓಡಿಹೋಗಲಿಲ್ಲ, ಮುಳುಗಿತು. ನೆಲ ಉಳಿದವರಿಗೆ ಉಳಿದದ್ದು ಅಡಿಕೆ. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಮ್ಯಾಮ್‌ಕೋಸ್ ಬೆಳೆಗಾರನನ್ನು ದಲ್ಲಾಳಿಯ ಕೈಯಿಂದ ಎಷ್ಟೋ ಮಟ್ಟಿಗೆ ಬಿಡಿಸಿತು, ಆ ಉಪಕಾರ ದೊಡ್ಡದು. ಆದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಎಷ್ಟು ಬಗೆ ಮಾಡಿದರೂ ಎಲ್ಲ ಒಂದೇ ಮರದ ಕಾಯಿ. ಕೊಳೆರೋಗ ಬಂದರೆ ಎಲ್ಲರಿಗೂ ಬಂತು. ಈಚಿನ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿಯ ತೋಟಗಳನ್ನು ಸುಡುತ್ತಿದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ತೋಟ, ತೋಟದ ಮೇಲಿನ ಸಾಲ, ಪೇಟೆಯ ಅಂಗಡಿ, ಅಡಿಕೆ ಸುಲಿಯುವವರ ಕೂಲಿ, ಮಂಡಿಯ ಹಮಾಲಿ, ಗುಜರಿ ವ್ಯಾಪಾರ, ಬಟ್ಟೆ ಅಂಗಡಿ ಎಲ್ಲವೂ ಅಡಿಕೆಯ ದರದೊಂದಿಗೆ ಏರಿ ಇಳಿಯುತ್ತವೆ. ತೋಟವಿಲ್ಲದ ಮುಸ್ಲಿಮನೂ ಅಡಿಕೆಯ ಮೇಲೇ ಬದುಕುತ್ತಾನೆ. ಕೊಲ್ಲಿಗೆ ಹೋದ ಮಗ ಕಳಿಸಿದ ಹಣ ಸಾಗರದಲ್ಲಿ ಸೈಟು, ತೀರ್ಥಹಳ್ಳಿಯಲ್ಲಿ ಮನೆ ಆಗುತ್ತದೆ. ಆ ಸೈಟಿನ ಬೆಲೆಯೂ ಅಡಿಕೆ ಹೇಳಿದಷ್ಟೇ.

ಇನ್ನು ಹೊರಗಿನ ಕತೆ. 1772ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೈಸುಟ್ಟುಕೊಂಡ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಬ್ರಹಾಂ ಫಾನ್ ಕೆಟ್ವಿಕ್ ಎಂಬ ದಲ್ಲಾಳಿ 1774ರಲ್ಲಿ ಒಂದು ಹೊಸ ಬಗೆಯ ಕೂಟ ಕಟ್ಟಿದ. ಅದರ ಹೆಸರಿಗೆ 'ಒಗ್ಗಟ್ಟಿನಲ್ಲಿ ಬಲವಿದೆ' ಎಂದರ್ಥ. ಸಣ್ಣ ಹಣದವರಿಂದ ಸೇರಿಸಿ ಹಲವು ದೇಶಗಳ ಸಾಲಪತ್ರಗಳಲ್ಲಿ ಹರಡಿ ಹಾಕುವುದು; ಒಂದು ಮುಳುಗಿದರೆ ಇನ್ನೊಂದು ತೇಲುತ್ತದೆ. ಇವತ್ತಿನ ಮ್ಯೂಚುವಲ್ ಫಂಡಿನ ಮುತ್ತಜ್ಜ ಅದೇ. ಅದರ ಬುಟ್ಟಿಯಲ್ಲಿ ದಕ್ಷಿಣ ಅಮೆರಿಕದ ತೋಟಗಳಿಗೆ ಕೊಟ್ಟ ಸಾಲಗಳೂ ಇದ್ದವು, ಆ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಹಣವನ್ನು ಅಗಲವಾಗಿ ಹರಡಿದರೆ ಅಪಾಯ ಕಡಿಮೆಯಾಗುತ್ತದೆ; ಪಾಪ ಕಡಿಮೆಯಾಗುವುದಿಲ್ಲ. 1868ರಲ್ಲಿ ಲಂಡನ್ನಿನಲ್ಲಿ ಫಾರಿನ್ ಅಂಡ್ ಕಲೋನಿಯಲ್ ಎಂಬ ಕೂಟ ಇದೇ ದಾರಿ ಹಿಡಿಯಿತು.

ಮುಂದೆ ನೂರು ವರ್ಷ ಇಂಥ ಕೂಟಗಳನ್ನು ನಡೆಸುವ ಜಾಣರ ಕಾಲ. ಯಾವ ಷೇರು ಏರುತ್ತದೆ ಎಂದು ಹೇಳುತ್ತೇವೆ, ನಮಗೆ ನೂರಕ್ಕೆ ಒಂದೋ ಎರಡೋ ಕೊಡಿ ಎನ್ನುವವರು. 1976ರಲ್ಲಿ ಅಮೆರಿಕದ ಜಾನ್ ಬೋಗಲ್ ಇದಕ್ಕೆ ತಿರುಗಿ ನಿಂತ. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ, ಒಳ್ಳೆಯ ಚೀಲ ಯಾವುದೆಂದು ಆರಿಸಲು ಚೇಣಿದಾರನನ್ನು ಇಟ್ಟುಕೊಳ್ಳುವ ಬದಲು ಮಂಡಿಗೆ ಬಂದ ಪ್ರತಿ ಚೀಲದಿಂದಲೂ ಅದರ ಗಾತ್ರಕ್ಕೆ ತಕ್ಕಷ್ಟು ಹಿಡಿ ತೆಗೆದುಕೊಂಡುಬಿಡುವುದು. ಮಂಡಿಗೆ ಬಂದ ಸರಾಸರಿ ಗತಿಯೇ ನಮಗೂ. ಆರಿಸುವವನ ಸಂಬಳ ಉಳಿಯುತ್ತದೆ. ಇದೇ ಇಂಡೆಕ್ಸ್ ಫಂಡ್. ಮೊದಲ ಸಲ 15 ಕೋಟಿ ಡಾಲರ್ ಸೇರುತ್ತದೆಂದು ಕಾದರೆ ಸೇರಿದ್ದು 1 ಕೋಟಿ 13 ಲಕ್ಷ. ಪೇಟೆಯವರು ಅದನ್ನು ಬೋಗಲನ ಹುಚ್ಚು ಎಂದು ನಕ್ಕರು. ಈಗ ಜಗತ್ತಿನ ಅತಿ ದೊಡ್ಡ ಫಂಡುಗಳು ಇದೇ ಜಾತಿಯವು.

ಉಳಿದ ಸಂಬಳ ಎಷ್ಟು ದೊಡ್ಡದು ಎಂದು ತಿಳಿಯಲು ಸಾಗರ ತಾಲೂಕಿನ ಕಾಗೋಡಿಗೇ ಹೋಗಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಯಾವುದಕ್ಕೆ? ಗೇಣಿ ಕೊಡುವುದಿಲ್ಲ ಎಂದಲ್ಲ. ಗೇಣಿ ಭತ್ತ ಅಳೆಯುವ ಕೊಳಗ ನ್ಯಾಯವಾಗಿರಲಿ ಎಂದು. ಒಡೆಯರ ಕೊಳಗ ದೊಡ್ಡದಾಗಿತ್ತು. ಒಂದು ಕೊಳಗದಲ್ಲಿ ಹೋಗುವುದು ಕೈಗೆ ತಿಳಿಯುವುದಿಲ್ಲ, ಕಣಜಕ್ಕೆ ತಿಳಿಯುತ್ತದೆ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಸೆರೆಯಾದರು, ದೇಶವೇ ಕಾಗೋಡಿನ ಹೆಸರು ಕೇಳಿತು. ಫಂಡಿನ ಖರ್ಚೂ ಆ ಕೊಳಗದಂತೆ. ಸುಮ್ಮನೆ ಒಂದು ಲೆಕ್ಕ ಹಾಕೋಣ: 1 ಲಕ್ಷ ರೂಪಾಯಿ ಹಾಕಿ 30 ವರ್ಷ ಬಿಟ್ಟರೆ, ಖರ್ಚಿಗೆ ಮೊದಲು ವರ್ಷಕ್ಕೆ ಶೇಕಡಾ 8 ಬೆಳೆಯಿತು ಎಂದುಕೊಳ್ಳಿ. ಖರ್ಚು ಶೇಕಡಾ 0.2 ಆದರೆ ಕೊನೆಗೆ ಸುಮಾರು 9 ಲಕ್ಷ 52 ಸಾವಿರ. ಖರ್ಚು ಶೇಕಡಾ 2 ಆದರೆ 5 ಲಕ್ಷ 74 ಸಾವಿರ. ನಡುವಿನ ಮೂರು ಮುಕ್ಕಾಲು ಲಕ್ಷ ಅಳೆಯುವವನ ಕೊಳಗದಲ್ಲಿ ಹೋಯಿತು. ಏಜೆಂಟರ ಮೂಲಕ ಕೊಳ್ಳುವ 'ರೆಗ್ಯುಲರ್' ಪ್ಲಾನಿಗೂ ನೇರ ಕೊಳ್ಳುವ 'ಡೈರೆಕ್ಟ್' ಪ್ಲಾನಿಗೂ ಇರುವ ವ್ಯತ್ಯಾಸ ಇದೇ ಜಾತಿಯದು. ಕಾಗೋಡಿನವರ ಮೊಮ್ಮಕ್ಕಳಾದರೂ ಇದನ್ನು ಕೇಳಿ ತಿಳಿಯಬೇಕು.

ಅಗ್ಗದ ಬುಟ್ಟಿ ಸರಿ, ಆದರೆ ಯಾವ ಮಂಡಿಯದು? ಅಮೆರಿಕ, ಜಪಾನ್, ಬ್ರಿಟನ್, ಫ್ರಾನ್ಸ್, ಜರ್ಮನಿ, ಆಸ್ಟ್ರೇಲಿಯಾ ಮುಂತಾದ 'ಮುಂದುವರಿದ' ಮಾರುಕಟ್ಟೆಗಳ ಷೇರುಗಳನ್ನು ಒಟ್ಟು ಅಳೆಯುವ ಎಂಎಸ್‌ಸಿಐ ವರ್ಲ್ಡ್ ಸೂಚ್ಯಂಕ 23 ದೇಶಗಳದು. ಹೆಸರು ವರ್ಲ್ಡ್ ಎಂದಿದ್ದರೂ ಅದರಲ್ಲಿ ಭಾರತವಿಲ್ಲ. ನಾವು 'ಬೆಳೆಯುತ್ತಿರುವ' ಪಟ್ಟಿಯಲ್ಲಿದ್ದೇವೆ. ನೂರಕ್ಕೆ ಎಪ್ಪತ್ತರ ಆಸುಪಾಸು ಅಮೆರಿಕವೇ. ಅಮೆರಿಕ, ಕೆನಡಾ ಬಿಟ್ಟು ಉಳಿದ ಮುಂದುವರಿದ ದೇಶಗಳಿಗೆ ಈಎಎಫ್ಈ ಎಂಬ ಇನ್ನೊಂದು ಸೂಚ್ಯಂಕವಿದೆ. ಅಡಿಕೆಯ ನಾಡಿನವನಿಗೆ ಇವುಗಳ ಗುಣ ಒಂದೇ: ಕೊಳೆರೋಗ ಬಂದರೆ ಇವಕ್ಕೆ ಏನೂ ಆಗುವುದಿಲ್ಲ. ಇನ್ನೊಂದು, ರೂಪಾಯಿ. 1966ರ ಅಪಮೌಲ್ಯದ ನಂತರ ಡಾಲರಿಗೆ 7 ರೂಪಾಯಿ 50 ಪೈಸೆ ಇತ್ತು, 2024ರಲ್ಲಿ 83ರ ಆಸುಪಾಸು. ಮಗಳ ಓದು ಹೊರದೇಶದಲ್ಲಿ ಎಂದು ಕನಸು ಕಾಣುವವರು ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಅಪಾಯ ಕೇಳದಿದ್ದರೆ ಮತ್ತೆ ಐಎಂಎಯ ಬಾಗಿಲಿಗೇ ಹೋದಂತೆ. 2008ರ ಒಂದೇ ವರ್ಷದಲ್ಲಿ ಈ ವರ್ಲ್ಡ್ ಸೂಚ್ಯಂಕ ಡಾಲರ್ ಲೆಕ್ಕದಲ್ಲಿ ಸುಮಾರು ಶೇಕಡಾ 40 ಬಿತ್ತು. ಜಪಾನಿನ ನಿಕ್ಕೈ 1989ರ ಕೊನೆಗೆ ಮುಟ್ಟಿದ ಎತ್ತರವನ್ನು ಮತ್ತೆ ಮುಟ್ಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ! ಮೂವತ್ತರ ಹರೆಯದಲ್ಲಿ ಜಪಾನನ್ನೊಂದನ್ನೇ ನಂಬಿ ಹಾಕಿದವನು ಮುದುಕನಾಗಿ ಹೋದ. ಮುಂದುವರಿದ ದೇಶ ಎಂದ ಮಾತ್ರಕ್ಕೆ ಅದು ಮುಂದಕ್ಕೇ ಹೋಗುತ್ತದೆಂದಿಲ್ಲ. ಮುಂದಿನ ಐದು ವರ್ಷದಲ್ಲಿ ಮದುವೆಗೋ ಮನೆಗೋ ಬೇಕಾದ ಹಣ ಇಲ್ಲಿಗೆ ಬರಬಾರದು.

ಇನ್ನು ನಮ್ಮ ಜನ ಮೊದಲು ಕೇಳುವ ಪ್ರಶ್ನೆ: ಇದು ಜಾಯಿಝೇ? ಷೇರುಪೇಟೆಯನ್ನೇ ಜೂಜೆಂದು ಒಪ್ಪದ ಉಲೆಮಾಗಳಿದ್ದಾರೆ. ಷರತ್ತಿನ ಮೇಲೆ ಒಪ್ಪುವವರೂ ಇದ್ದಾರೆ: ಕಂಪನಿಯ ಮುಖ್ಯ ವ್ಯಾಪಾರ ಹಲಾಲ್ ಆಗಿರಬೇಕು, ಬಡ್ಡಿ ಸಾಲ ಮೂರನೆಯ ಒಂದು ಭಾಗ ಎಂಬಂಥ ಮಿತಿಯೊಳಗಿರಬೇಕು, ಬಡ್ಡಿಯಿಂದ ಬಂದ ಚೂರುಪಾರನ್ನು ಲೆಕ್ಕ ಹಾಕಿ ಬಡವರಿಗೆ ಕೊಟ್ಟು ತೊಳೆದುಕೊಳ್ಳಬೇಕು. ಸಾಮಾನ್ಯ ವರ್ಲ್ಡ್ ಬುಟ್ಟಿಯಲ್ಲಿ ಬ್ಯಾಂಕು, ಹೆಂಡ, ಜೂಜು, ಶಸ್ತ್ರಾಸ್ತ್ರ ಎಲ್ಲವೂ ಇವೆ. ಬಾಂದಾ ದ್ವೀಪದ ಮಾತು ಇಲ್ಲಿ ಮತ್ತೆ ಏಳುತ್ತದೆ, ಮುಸ್ಲಿಮರಿಗೆ ಮಾತ್ರವಲ್ಲ, ಅಂತಃಕರಣವಿರುವ ಎಲ್ಲರಿಗೂ. ಅಮೆರಿಕದ ಮುಸ್ಲಿಮರು 1986ರಲ್ಲೇ ಅಮಾನಾ ಫಂಡಿನಲ್ಲಿ ಸೋಸಿದ ಬುಟ್ಟಿ ಮಾಡಿಕೊಂಡರು. 1999ರಲ್ಲಿ ಡೌ ಜೋನ್ಸ್ ಇಸ್ಲಾಮಿಕ್ ಸೂಚ್ಯಂಕ ಬಂತು. 2007ರ ಕೊನೆಗೆ ವರ್ಲ್ಡ್ ಸೂಚ್ಯಂಕವನ್ನೇ ಶರೀಅತ್ ಷರತ್ತಿನಲ್ಲಿ ಸೋಸಿದ ಫಂಡ್ ಲಂಡನ್ ಪೇಟೆಗೆ ಬಂತು. ಸೋಸುವ ಕೂಲಿ ಸೇರಿ ಅದರ ಖರ್ಚು ಸಾಮಾನ್ಯ ಬುಟ್ಟಿಗಿಂತ ಸ್ವಲ್ಪ ಹೆಚ್ಚು. ನಮ್ಮ ದೇಶದಲ್ಲಿ ಟಾಟಾ ಎಥಿಕಲ್, ಟಾರಸ್ ಎಥಿಕಲ್, ಶರಿಯಾ ಬೀಸ್ ಎಂಬವು ಇವೆ, ಆದರೆ ಅವುಗಳ ಬುಟ್ಟಿ ಭಾರತದ ಕಂಪನಿಗಳದು.

ಹೊರಗಿನದು ಬೇಕೆಂದರೆ ದಾರಿ ಎರಡು. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಎಂದಿತು. 2015ರಿಂದ ಅದು 2,50,000 ಡಾಲರ್. ತೀರ್ಥಹಳ್ಳಿಯ ಬ್ಯಾಂಕಿನ ಮೂಲಕವೂ ಇದು ಆಗುತ್ತದೆ. ಆದರೆ ಸಣ್ಣ ಮೊತ್ತಕ್ಕೆ ಬ್ಯಾಂಕಿನ ಕಮಿಷನ್, ವಿನಿಮಯದ ಕಡಿತಗಳೇ ಒಂದು ದೊಡ್ಡ ಕೊಳಗ. ಎರಡನೆಯದು ನಮ್ಮ ದೇಶದ ಫಂಡುಗಳೇ ಹೊರಗೆ ಹಾಕುವುದು. ಅವೆಲ್ಲ ಸೇರಿ 700 ಕೋಟಿ ಡಾಲರ್ ದಾಟುವಂತಿಲ್ಲ ಎಂಬ ಮಿತಿಯಿದೆ. 2022ರ ಆರಂಭದಲ್ಲಿ ಆ ಮಿತಿ ಹತ್ತಿರವಾಗಿ ಹೊಸ ಹಣ ತೆಗೆದುಕೊಳ್ಳುವುದು ನಿಂತಿತು. ಆಮೇಲೆ ಕೆಲವು ಫಂಡುಗಳು ಆಗಾಗ ಬಾಗಿಲು ತೆರೆದು ಮುಚ್ಚುತ್ತಿವೆ.

ಕೊನೆಯದಾಗಿ ಒಂದು ಮಾತು, ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಪಾಲು ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಮೀರಾಸ್. ಒಂದೂವರೆ ಎಕರೆ ತೋಟವಿದ್ದ ಮನೆಯಲ್ಲಿ ಯಜಮಾನರು ತೀರಿಕೊಂಡರೆ 'ತೋಟ ಒಡೆಯಲಾಗದು, ಕೊಟ್ಟ ಮನೆಯಲ್ಲಿ ಚೆನ್ನಾಗಿದ್ದೀಯಲ್ಲ, ಅಣ್ಣನಿಗೆ ಬಿಟ್ಟುಕೊಡು' ಎಂದು ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಳ್ಳುವುದು ಮಲೆನಾಡಿನಲ್ಲಿ ಹೊಸದಲ್ಲ. ಕುರ್‌ಆನ್ ಕೊಟ್ಟ ಹಕ್ಕನ್ನು ಅಡಿಕೆಮರದ ನೆಪದಲ್ಲಿ ಕಿತ್ತುಕೊಳ್ಳುತ್ತಾರೆ. ಫಂಡಿನ ಯೂನಿಟ್‌ಗಳಿಗೆ ಈ ನೆಪವಿಲ್ಲ. ಹೆಂಡತಿ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ಹೋದವರ ಹೆಸರಿನಲ್ಲಿ 2,400 ಯೂನಿಟ್ ಇದ್ದರೆ ಎಂಟರಲ್ಲೊಂದು, ಅಂದರೆ 300 ಹೆಂಡತಿಗೆ. ಉಳಿದದ್ದರಲ್ಲಿ ಮಗನಿಗೆ 1,400, ಮಗಳಿಗೆ 700. ಬೇಲಿ ಹಾಕುವ ಕೆಲಸವಿಲ್ಲ, ದಾರಿಯ ಜಗಳವಿಲ್ಲ. ಆದರೆ ಇಲ್ಲೂ ಒಂದು ಸಂದು ಇದೆ: ನಾಮಿನಿ ಎಂದು ಮಗನ ಹೆಸರು ಬರೆದಿಟ್ಟರೆ ಎಲ್ಲವೂ ಅವನದೇ ಎಂದು ಹಲವರು ತಿಳಿದಿದ್ದಾರೆ. ನಾಮಿನಿ ಹಣವನ್ನು ವಾರಸುದಾರರ ಪರವಾಗಿ ಪಡೆದುಕೊಳ್ಳುವವನು ಮಾತ್ರ, ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಷೇರುಗಳ ವಿಷಯದಲ್ಲೇ ಸ್ಪಷ್ಟವಾಗಿ ಹೇಳಿದೆ. ಸಹಿ ಕೇಳಲು ಬಂದ ಅಣ್ಣನಿಗೆ ತಂಗಿ ಆ ತೀರ್ಪನ್ನು ತೋರಿಸಬಹುದು.